ಯಾದಿ ಟ್ರಂಕಿನೊಳಗೈತಿ

ದಾಂಡೇಲಿಯ ಬಸ್ಸಿನಲ್ಲಿ ನಿದ್ದೆ ಹೋದವರಿಗೆ ಊರು ಬಂತೆಂದು ಕಂಡಕ್ಟರ್ ಹೇಳಬೇಕಾಗಿಲ್ಲ. ಮೂಗೇ ಹೇಳುತ್ತದೆ. ಹೊರಗಿನವರು ಕರವಸ್ತ್ರ ತೆಗೆದು ಮುಖಕ್ಕೆ ಹಿಡಿಯುವ ಹೊತ್ತಿಗೆ ನಮ್ಮೂರಿನವರು ಎದ್ದು ಚೀಲ ಇಳಿಸಿಕೊಳ್ಳುತ್ತಾರೆ. ಕಾಗದ ತಯಾರಾಗುವ ಊರಿನ ವಾಸನೆ ಅದು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಹುಟ್ಟಿ, 1959ರಿಂದ ಇಲ್ಲಿ ಕಾಗದ ಹೊರಡಿಸುತ್ತಿದೆ. ದೇಶದ ಯಾವ ಯಾವ ಕಚೇರಿಯ ಕಪಾಟಿನಲ್ಲಿ ನಮ್ಮ ಕಾಡಿನ ಬಿದಿರು ಹಾಳೆಯಾಗಿ ಕೂತಿದೆಯೋ, ಲೆಕ್ಕ ಇಟ್ಟವರಿಲ್ಲ.

ಬಿದಿರಿನ ಬೆಲೆಯ ಲೆಕ್ಕ ಮಾತ್ರ ಇದೆ. 1958ರಲ್ಲಿ ಸರಕಾರ ಗಿರಣಿಗೆ ಬಿದಿರು ಕೊಡಲು ಒಪ್ಪಿದ ದರ ಟನ್ನಿಗೆ ಒಂದೂವರೆ ರೂಪಾಯಿ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಮುಂದೆ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿದಾಗ ಒಂದು ಪ್ರತಿಗೆ 15 ರೂಪಾಯಿ ಇಟ್ಟರು. ಅಂದರೆ ಒಂದು ಪಹಣಿಗೆ ಹತ್ತು ಟನ್ ಬಿದಿರು! ಆ ಕಾಲದ ರೂಪಾಯಿ ಬೇರೆ, ಈ ಕಾಲದ ರೂಪಾಯಿ ಬೇರೆ ಎಂದು ಅರ್ಥಶಾಸ್ತ್ರ ಓದಿದವರು ತಕರಾರು ತೆಗೆಯಬಹುದು. ತೆಗೆಯಲಿ. ಬರಿ ಹಾಳೆಗೆ ಬೆಲೆ ಇಲ್ಲ, ಸಿಕ್ಕಾ ಬಿದ್ದ ಹಾಳೆಗೆ ಬೆಲೆ ಕಟ್ಟಲು ಬರುವುದಿಲ್ಲ ಎಂಬುದನ್ನು ತಾಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯವನು ಅರ್ಥಶಾಸ್ತ್ರ ಓದದೆಯೇ ಬಲ್ಲ.

ನಮ್ಮ ದೊಡ್ಡ ಕಾಕಾ ಮಿಲ್ಲಿನ ಫಿನಿಶಿಂಗ್ ವಿಭಾಗದಲ್ಲಿ ರೀಮು ಎಣಿಸಿ, ಕಟ್ಟಿಸಿ ನಿವೃತ್ತರಾದವರು. ಹಾಳೆಯನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿದರೆ ಎಷ್ಟು ಜಿಎಸ್ಎಂ ಎಂದು ಹೇಳಬಲ್ಲರು. ಈ ವಿದ್ಯೆಯನ್ನು ಅವರು ಲಗ್ನಪತ್ರಿಕೆಯ ಮೇಲೂ ಪ್ರಯೋಗಿಸುತ್ತಾರೆ, ಕೋರ್ಟಿನ ನೋಟೀಸಿನ ಮೇಲೂ ಪ್ರಯೋಗಿಸುತ್ತಾರೆ. ಹಳಿಯಾಳದ ಹೊಲದ ತಕರಾರಿನಲ್ಲಿ ಎದುರು ಪಾರ್ಟಿಯ ವಕೀಲರ ನೋಟೀಸು ಬಂದಾಗ ಮನೆಯವರೆಲ್ಲ ಗಾಬರಿಯಾಗಿ ಕೂತಿದ್ದರು. ಕಾಕಾ ನೋಟೀಸನ್ನು ಬೆಳಕಿಗೆ ಹಿಡಿದು ನೋಡಿ, “ಕಾಗದ ಭಾಳ ಹಗೂರೈತಿ, ಕೇಸ್ ನಿಲ್ಲಂಗಿಲ್ಲ” ಎಂದರು. ಕೇಸು ಇನ್ನೂ ನಡೆದಿದೆ.

ಕಾಗದದ ಜೊತೆ ಬಾಳಿದ ಮನುಷ್ಯ ಕಾಗದ ಬಿಸಾಡುವುದುಂಟೆ? ಕಾಕಾನ ಮಂಚದ ಕೆಳಗೆ ತಗಡಿನ ಟ್ರಂಕೊಂದಿದೆ. ತಳಕ್ಕೆ ಹಳೆಯ ಪೇಪರು, ಅದರ ಮೇಲೆ ಒಣಗಿದ ಬೇವಿನ ಸೊಪ್ಪು, ಮೂಲೆಯಲ್ಲಿ ನುಸಿ ಗುಳಿಗೆ. ಅದರ ಮೇಲೆ ಚೀಲಗಳು. ಯಾವ ಚೀಲದ ಮೇಲೂ ಹೆಸರು ಬರೆದಿಲ್ಲ. ಚೀಲದ ಅಂಗಡಿಯ ಮೇಲಿಂದಲೇ ಗುರುತು. ಹುಬ್ಬಳ್ಳಿಯ ಸೀರೆ ಅಂಗಡಿಯ ಚೀಲದಲ್ಲಿ ಹೊಲದ ಕಾಗದ, ಔಷಧಿ ಅಂಗಡಿಯ ಚೀಲದಲ್ಲಿ ಎಲ್ಲೈಸಿ, ಬೂಟಿನ ಡಬ್ಬಿಯಲ್ಲಿ ಪಿಎಫ್ ಚೀಟಿ, ಪಿಂಚಣಿ ಪುಸ್ತಕ. ಈ ಏರ್ಪಾಡು ಎಷ್ಟೋ ವರ್ಷ ಸರಿಯಾಗಿಯೇ ನಡೆಯಿತು. ಒಮ್ಮೆ ಸಂತೆಗೆ ಹೊರಟ ಕಾಕು, ಟ್ರಂಕು ತೆರೆದಿದ್ದಾಗ ಕಂಡ ಗಟ್ಟಿಮುಟ್ಟಾದ ಸೀರೆ ಅಂಗಡಿಯ ಚೀಲವನ್ನು ಬದನೆಕಾಯಿಗೆ ಬೇಕೆಂದು ತೆಗೆದುಕೊಂಡರು. ಒಳಗಿದ್ದ ಕಾಗದ ಔಷಧಿ ಅಂಗಡಿಯ ಚೀಲಕ್ಕೆ ವರ್ಗವಾದವು. ಆ ನಂತರ ಕಾಕಾ ಹೊಲ ಹುಡುಕಿದರೆ ವಿಮೆ ಸಿಗುತ್ತದೆ, ವಿಮೆ ಹುಡುಕಿದರೆ ಅಜ್ಜನ ಗೇಣಿ ಸಿಗುತ್ತದೆ.

ಅಜ್ಜನ ಗೇಣಿ ಎಂದರೆ ಸಣ್ಣ ಮಾತಲ್ಲ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಜಮೀನೆಲ್ಲ ಸರಕಾರದಲ್ಲಿ ನಿಹಿತವಾಯಿತು. ಉಳುವವರು ನಮೂನೆ 7ರಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಕೊನೆಗೆ ನಮೂನೆ 10ರ ಹಕ್ಕುಪತ್ರ ಪಡೆಯಬೇಕಿತ್ತು. ಅಜ್ಜನ ನಮೂನೆ 10 ಇವತ್ತಿಗೂ ಟ್ರಂಕಿನಲ್ಲಿದೆ. ನಾಲ್ಕು ಮಡಿಕೆ. ಮಡಿಕೆಯ ಗೆರೆಯುದ್ದಕ್ಕೂ ಹಾಳೆ ಹರಿದು ಈಗ ನಾಲ್ಕು ಚೂರಾಗುವ ಹಂತದಲ್ಲಿದೆ. ಮೂಲೆಯ ಟಾಚಣಿ ತುಕ್ಕು ಹಿಡಿದು ಅಧಿಕಾರಿಯ ಸಹಿಯ ಮೊದಲ ಅಕ್ಷರವನ್ನು ತಿಂದಿದೆ. ಸುತ್ತಿದ್ದ ರಬ್ಬರ್ ಬ್ಯಾಂಡ್ ಕರಗಿ ಹಾಳೆಗೇ ಅಂಟಿಕೊಂಡು, ಕಿತ್ತರೆ ಸರ್ವೆ ನಂಬರೂ ಜೊತೆಗೆ ಬರುತ್ತದೆ. ಅಜ್ಜ ಧಣಿಯ ಎದುರು ನಿಂತು ಗಳಿಸಿದ್ದನ್ನು ನಾಲ್ಕಾಣೆಯ ರಬ್ಬರ್ ಬ್ಯಾಂಡ್ ಕಳೆಯಲು ಕೂತಿದೆ.

ಕಾಗದಕ್ಕೆ ನಮ್ಮ ಕಡೆ ಇನ್ನೂ ಬೇಕಾದಷ್ಟು ಶತ್ರುಗಳಿದ್ದಾರೆ. ಮೊದಲನೆಯದು ಮಳೆ. ಹಳಿಯಾಳ, ಮುಂಡಗೋಡದ ಮಳೆಯಾದರೂ ಹೇಗೋ ತಡೆದೀತು, ಜೋಯಿಡಾದ ಮಳೆ, ಅದರಲ್ಲೂ ಕ್ಯಾಸಲ್‌ರಾಕ್ ಕಡೆಯ ಮಳೆ, ಮನುಷ್ಯರನ್ನೇ ಹಸಿ ಮಾಡಿ ಇಟ್ಟಿರುತ್ತದೆ. ಕಾಗದದ ಪಾಡು ಕೇಳಬೇಕೆ? ಜುಲೈ ತಿಂಗಳಲ್ಲಿ ಕಪಾಟಿನ ಬಾಗಿಲು ತೆರೆದರೆ ಪಾಸ್‌ಬುಕ್ಕಿನ ರಟ್ಟಿನ ಮೇಲೆ ಬೂಷ್ಟು ಹಸಿರು ಚಾದರ ಹೊದ್ದು ಮಲಗಿರುತ್ತದೆ. ಎರಡನೆಯದು ಒರಲೆ. ಗೋಡೆಗೆ ತಾಗಿಸಿಟ್ಟ ಕಟ್ಟಿಗೆ ಕಪಾಟಿನ ಹಿಂದಿನಿಂದ ಅದು ಸದ್ದಿಲ್ಲದೆ ಬಂದು, ಹಾಳೆಯ ಅಂಚು ಬಿಟ್ಟು ನಡುವೆ ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಕಟ್ಟು ಕಟ್ಟಾಗಿಯೇ ಇರುತ್ತದೆ. ಮೂರನೆಯ ಶತ್ರುವನ್ನು ನಾವೇ ದುಡ್ಡು ಕೊಟ್ಟು ತರುತ್ತೇವೆ. ಅದು ಲ್ಯಾಮಿನೇಶನ್. ಸ್ವಲ್ಪ ತೇವವಿದ್ದ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಒತ್ತಿಸಿದರೆ ತೇವ ಒಳಗೇ ಉಳಿಯುತ್ತದೆ. ಮೊಹರು, ಶಾಯಿ, ಸಹಿ ಪರೀಕ್ಷಿಸಬೇಕೆಂದರೆ ಬಿಡಿಸಲೂ ಬರುವುದಿಲ್ಲ. ಅಂಗಡಿಯಲ್ಲಿ ಹೊಳೆಯುತ್ತ ಹೊರಬಂದಾಗ ಏನೋ ಅಮರತ್ವ ಸಿಕ್ಕಿತು ಎನಿಸುತ್ತದೆ, ಅಷ್ಟೆ. ಇನ್ನು ಎಟಿಎಂ ಚೀಟಿಯನ್ನು ಪುರಾವೆಯೆಂದು ಜೋಪಾನ ಮಾಡುವವರಿದ್ದಾರೆ. ಅದರ ಅಕ್ಷರ ಶಾಯಿಯದಲ್ಲ, ಶಾಖ ತಾಗಿ ಮೂಡಿದ್ದು. ಸ್ವಲ್ಪ ಕಾಲದಲ್ಲೇ ಮಾಸಿ ಹೋಗುತ್ತದೆ. ಕಾಕಾನ ಟ್ರಂಕಿನಲ್ಲಿ ಅಂಥ ಬಿಳಿ ಚೀಟಿಗಳ ಒಂದು ಕಟ್ಟೇ ಇದೆ. “ಯಾವುದರ ಚೀಟಿ ಕಾಕಾ?” ಎಂದರೆ, “ಅದನ್ನ ಕೇಳಬ್ಯಾಡ, ಭಾಳ ಮುಖ್ಯದ್ದು” ಎನ್ನುತ್ತಾರೆ.

ಈ ವಿಷಯದಲ್ಲಿ ಪಾಠ ಕಲಿಯಲು ಬಹಳ ದೂರ ಹೋಗಬೇಕಾಗಿಲ್ಲ, ಮುಂಡಗೋಡಕ್ಕೆ ಹೋದರೆ ಸಾಕು. ಅಲ್ಲಿಯ ಟಿಬೆಟನ್ ನೆಲೆ ಶುರುವಾದದ್ದು 1966ರಲ್ಲಿ. ದ್ರೆಪುಂಗ್, ಗಾಂದೆನ್ ಮಠಗಳನ್ನು ಅಲ್ಲಿಯೇ ಹೊಸದಾಗಿ ಕಟ್ಟಿಕೊಂಡರು. ಮಠದ ಗ್ರಂಥಗಳು ನಮ್ಮ ಪುಸ್ತಕದ ಹಾಗೆ ಹೊಲಿದವಲ್ಲ. ಉದ್ದುದ್ದ ಬಿಡಿ ಹಾಳೆಗಳು, ಕೆಳಗೆ ಮೇಲೆ ಮರದ ಹಲಗೆ, ಸುತ್ತ ಬಟ್ಟೆ, ಇಡುವುದು ನೆಲದಿಂದ ಎತ್ತರದಲ್ಲಿ. ಮಡಿಕೆ ಇಲ್ಲ, ಟಾಚಣಿ ಇಲ್ಲ, ಪ್ಲಾಸ್ಟಿಕ್ ಮೊದಲೇ ಇಲ್ಲ. ಬಟ್ಟೆ ಉಸಿರಾಡುತ್ತದೆ, ಹಲಗೆ ಬಾಗಲು ಬಿಡುವುದಿಲ್ಲ. ಟಿಬೆಟಿನಲ್ಲಿ ಸ್ಟೆಲ್ಲೆರಾ ಎಂಬ ವಿಷದ ಗಿಡದ ಬೇರಿನಿಂದ ಕಾಗದ ಮಾಡುವ ಹಳೆಯ ಪದ್ಧತಿಯೂ ಇದೆ, ಆ ಕಾಗದಕ್ಕೆ ಹುಳ ಬಾಯಿ ಹಾಕುವುದಿಲ್ಲ. ಇದನ್ನು ಕೇಳಿ ಕಾಕಾ ಆ ದಿನವೆಲ್ಲ ಮಾತಾಡಲಿಲ್ಲ. ಜೀವಮಾನವಿಡೀ ಹುಳ ತಿನ್ನುವ ಕಾಗದವನ್ನೇ ಎಣಿಸಿದೆನಲ್ಲ ಎಂಬ ವಿಚಾರ ಬಂದಿರಬೇಕು.

ಇಷ್ಟು ಚೆಂದವಾಗಿ ಗ್ರಂಥ ಕಾಯುವ ಜನರಿಗೂ ಸ್ವಂತದ ಕಾಗದದ ಚಿಂತೆ ತಪ್ಪಿದ್ದಲ್ಲ. ನಿರಾಶ್ರಿತರಾಗಿ ಬಂದವರು ವಿದೇಶೀಯರ ನೋಂದಣಿ ಪತ್ರ ಇಟ್ಟುಕೊಳ್ಳಬೇಕು, ಅವಧಿ ಮುಗಿಯುವ ಮೊದಲು ನವೀಕರಿಸಿಕೊಳ್ಳಬೇಕು. ಅದರ ಜೊತೆಗೆ 1972ರಿಂದ ಅವರದೇ ಆಡಳಿತ ಕೊಡುವ ಹಸಿರು ಪುಸ್ತಕವೊಂದಿದೆ, ವರ್ಷ ವರ್ಷ ಕೊಟ್ಟ ಕಾಣಿಕೆ ಅದರಲ್ಲಿ ನಮೂದಾಗುತ್ತದೆ. ಬಿಟ್ಟು ಬಂದ ದೇಶಕ್ಕೂ ಒಂದು ಪುಸ್ತಕ, ಇರುವ ದೇಶಕ್ಕೂ ಒಂದು ಪತ್ರ.

ನಮ್ಮಲ್ಲಿ ಊರನ್ನೇ ಕಳೆದುಕೊಂಡರೂ ಕಾಗದದಲ್ಲಿ ಊರು ಉಳಿಸಿಕೊಂಡವರಿದ್ದಾರೆ. ಕಾಳಿ ಮತ್ತು ಪಾಂಢರಿ ನದಿ ಕೂಡುವಲ್ಲಿ ಸೂಪಾ ಎಂಬ ಪೇಟೆಯಿತ್ತು, ತಾಲೂಕಿನ ಮುಖ್ಯ ಊರು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಆಣೆಕಟ್ಟು ಎದ್ದಿತು, ಸೂಪಾ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು, ಮುಳುಗಡೆಯಾದವರಲ್ಲಿ ಅನೇಕರು ರಾಮನಗರಕ್ಕೆ ಹೋದರು. ಆದರೆ 2011ರ ಜನಗಣತಿಯ ಪುಸ್ತಕ ತೆಗೆದು ನೋಡಿ, ತಾಲೂಕಿನ ಹೆಸರು ಆಗಲೂ ಸೂಪಾ ಎಂದೇ ಇದೆ. ನೀರಿನ ತಳದಲ್ಲಿರುವ ಊರಿನ ಹೆಸರಲ್ಲಿ ಗುಡ್ಡದ ಮೇಲಿನವರು ಪಹಣಿ ತೆಗೆಸುತ್ತ ಬಂದರು. ದಾಂಡೇಲಿಯದೂ ಅಂಥದೇ ಕಥೆ, ಮುಳುಗಲಿಲ್ಲ ಎನ್ನುವುದೊಂದು ಸಮಾಧಾನ. ಮೊನ್ನೆ ಮೊನ್ನೆಯವರೆಗೆ ಹಳಿಯಾಳ ತಾಲೂಕಿನಲ್ಲಿದ್ದ ನಮ್ಮೂರು ಈಗ ತಾನೇ ತಾಲೂಕು. ಅಪ್ಪನ ಕಾಗದದಲ್ಲಿ ತಾಲೂಕು ಹಳಿಯಾಳ, ಮಗನ ಕಾಗದದಲ್ಲಿ ತಾಲೂಕು ದಾಂಡೇಲಿ, ಇಬ್ಬರೂ ಮಲಗುವುದು ಒಂದೇ ಪಡಸಾಲೆಯಲ್ಲಿ. ಅದಕ್ಕೇ ಹಳೆಯ ಕಾಗದದ ಜೊತೆಗೆ, ಇಂಥ ಊರು ಇಂಥ ಕಾಲದಲ್ಲಿ ಇಂಥ ತಾಲೂಕಿನಲ್ಲಿತ್ತು ಎಂದು ಒಂದು ಚೀಟಿ ಬರೆದು ಇಡುವುದು ಮೊಮ್ಮಕ್ಕಳಿಗೆ ಮಾಡುವ ದೊಡ್ಡ ಉಪಕಾರ.

ಟ್ರಂಕೂ ಇಲ್ಲದ, ಟ್ರಂಕಿನಲ್ಲಿಡಲು ಕಾಗದವೂ ಇಲ್ಲದ ಮನೆಗಳು ಈ ಕಾಡಿನಲ್ಲಿ ಎಷ್ಟೋ. ಸಿದ್ದಿಗಳು, ಗೌಳಿಗಳು, ಕುಣಬಿಗಳು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಇವರಿಗೆಲ್ಲ ಅರ್ಜಿ ಹಾಕುವ ಅವಕಾಶ ಸಿಕ್ಕಿತು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದ ಸಿದ್ದಿಗಳು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅಲ್ಲಿದ್ದೇವೆಂದು ತೋರಿಸಿದರೆ ಆಯಿತು. ಪಟ್ಟಿಯಲ್ಲಿಲ್ಲದ ಪಕ್ಕದ ಗೌಳಿ ಮನೆಯವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದನ್ನು ತೋರಿಸಬೇಕು. ಎಮ್ಮೆ ಹೊಡೆದುಕೊಂಡು ಕಾಡಿನಲ್ಲಿ ತಿರುಗಿದ ಮುತ್ತಜ್ಜ ಯಾವ ರಸೀದಿ ಇಟ್ಟಾನು? ಪಟ್ಟಿಯ ಮಾತಾದರೂ ಜಿಲ್ಲೆಯ ಗಡಿಯವರೆಗೆ ಮಾತ್ರ ನಡೆಯುತ್ತಿತ್ತು. ಹಳಿಯಾಳದ ಸಿದ್ದಿ ಹುಡುಗಿ ಗಡಿ ದಾಟಿ ಖಾನಾಪುರದ ಕಡೆಗೆ ಸೊಸೆಯಾಗಿ ಹೋದರೆ, ಅಲ್ಲಿ ಅವಳ ಗಂಡನ ಮನೆಯವರಿಗೆ ಈ ಮಾನ್ಯತೆ ಇರಲಿಲ್ಲ. ಬೆಳಗಾವಿ, ಧಾರವಾಡ ಜಿಲ್ಲೆಯ ಸಿದ್ದಿಗಳು ಪಟ್ಟಿಗೆ ಸೇರಿದ್ದು 2020ರಲ್ಲಿ.

ಆದರೆ ಈ ಕಾಯ್ದೆಯ ನಿಯಮಗಳನ್ನು ಬರೆದವರು ಒಂದು ಜಾಣತನ ಮಾಡಿದ್ದಾರೆ. ಪುರಾವೆಗಳ ಪಟ್ಟಿಯಲ್ಲಿ ಮತದಾರರ ಚೀಟಿ, ರೇಶನ್ ಕಾರ್ಡು, ಮನೆ ಕರದ ಪಾವತಿಗಳ ಜೊತೆ ಬಾವಿ, ಸ್ಮಶಾನ, ದೇವರ ಜಾಗ, ಹೊಲಕ್ಕೆ ಹಾಕಿದ ಬದುವನ್ನೂ ಸೇರಿಸಿದ್ದಾರೆ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಪುರಾವೆಯೇ. ಇವುಗಳಲ್ಲಿ ಎರಡನ್ನು ತೋರಿಸಬೇಕು. ಅಜ್ಜ ತೋಡಿದ ಬಾವಿಗೆ ಒರಲೆ ಹತ್ತುವುದಿಲ್ಲ, ಯಾರೂ ಸೀರೆ ಚೀಲದಿಂದ ತೆಗೆದು ಔಷಧಿ ಚೀಲಕ್ಕೆ ಹಾಕುವುದಿಲ್ಲ. ನಿಯಮ ಹಾಗಿದ್ದರೂ ಅರ್ಜಿ ನೋಡುವವರು ಕೇಳುವುದು ಕಾಗದವನ್ನೇ. ಜಿಲ್ಲೆಯಲ್ಲಿ 75 ವರ್ಷದ ದಾಖಲೆ ಇಲ್ಲವೆಂದು ತಿರಸ್ಕೃತವಾದ ಅರ್ಜಿಗಳ ರಾಶಿಯೇ ಇದೆ. ಆ ಕಾಡಿನ ಬಿದಿರು ದೇಶಕ್ಕೆಲ್ಲ ಕಾಗದವಾಗಿ ಹೋಯಿತು, ಕಾಡಿನಲ್ಲಿದ್ದವರ ಪಾಲಿಗೆ ಒಂದು ಹಾಳೆಯೂ ಉಳಿಯಲಿಲ್ಲ.

“ಈಗ ಕಾಗದದ ಕಾಲ ಮುಗೀತ್ರಿ, ಎಲ್ಲಾ ಮೊಬೈಲ್‌ನಾಗ” ಎಂದು ನಮ್ಮ ಮನೆಯ ಹುಡುಗರು ಹೇಳುತ್ತಾರೆ. ಸುಳ್ಳೇನಲ್ಲ. 2015ರಿಂದ ಡಿಜಿಲಾಕರ್ ಇದೆ. ಅದರಲ್ಲಿ ಇಲಾಖೆಯಿಂದಲೇ ನೇರವಾಗಿ ಬಂದ ಅಂಕಪಟ್ಟಿ, ಲೈಸೆನ್ಸುಗಳಿಗೆ ಮೂಲಪ್ರತಿಯಷ್ಟೇ ಮಾನ್ಯತೆ. ನಾವೇ ಫೋಟೊ ಹೊಡೆದು ಏರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ, ಇದನ್ನು ಮಾತ್ರ ಹುಡುಗರು ಹೇಳುವುದಿಲ್ಲ. ತಾಲೂಕು ಕಚೇರಿಯ ಹಳೆಯ ಕಡತಗಳನ್ನೂ ‘ಭೂ ಸುರಕ್ಷಾ’ ಎಂದು ಸ್ಕ್ಯಾನ್ ಮಾಡುತ್ತಿದ್ದಾರೆ. ಆದರೆ ಲಾಕರ್ ತೆರೆಯಲು ಓಟಿಪಿ ಬೇಕು, ಓಟಿಪಿ ಬರಲು ನೆಟ್‌ವರ್ಕ್ ಬೇಕು, ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ನಮ್ಮ ಬೀಗರ ಊರಿನಲ್ಲಿ ಅಂಥದೊಂದು ಬಂಡೆಯಿದೆ. ಸಂಜೆ ಅದರ ಮೇಲೆ ನಾಲ್ಕಾರು ಜನ ಆಕಾಶಕ್ಕೆ ಕೈ ಎತ್ತಿ ನಿಂತಿರುತ್ತಾರೆ. ಹೊಸಬರು ನೋಡಿದರೆ ಹರಕೆ ಎಂದುಕೊಳ್ಳಬೇಕು.

ಇನ್ನು ಮನೆಮಂದಿಯ ವಾಟ್ಸಾಪ್ ಗುಂಪು. ಕಾಕಾನ ಸೊಸೆ ಟ್ರಂಕಿನ ಮುಖ್ಯ ಕಾಗದದ ಫೋಟೊ ಹೊಡೆದು ಅದರಲ್ಲಿ ಹಾಕಿದಳು. ಸಂಜೆಯೊಳಗೆ ಅದರ ಮೇಲೆ ಶುಭೋದಯ, ಹೂವಿನ ಬುಟ್ಟಿ, ಗಣಪತಿ, ಕಷಾಯದ ವಿಧಾನ ಬಂದು ಬಿದ್ದವು. ಪಾಸ್‌ಬುಕ್ಕಿನ ಫೋಟೊ ಮಾತ್ರ ಪುಣೆಯ ಮೂರನೆಯ ಬೀಗರವರೆಗೆ ಮುಟ್ಟಿತು. ಬೇಕಾದವರಿಗೆ ಸಿಗದೆ ಬೇಡವಾದವರಿಗೆ ಸಿಗುವಂತೆ ದಾಖಲೆ ಇಡುವ ಕಲೆ ಇದ್ದರೆ ಅದು ಇದೇ.

ಹಾಗಾದರೆ ಯಾವುದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು? ಕಳೆದರೆ ಮತ್ತೆ ಸಿಗುವುದು ಯಾವುದು, ಸಿಗದ್ದು ಯಾವುದು ಎಂದು ನೋಡಿದರೆ ಅರ್ಧ ಟ್ರಂಕು ಹಗುರವಾಗುತ್ತದೆ. ನೋಂದಣಿಯಾದ ಖರೀದಿ ಪತ್ರ ಸುಟ್ಟುಹೋದರೂ ಉಪನೋಂದಣಿ ಕಚೇರಿಯಲ್ಲಿ ಅದರ ನಕಲು ಇರುತ್ತದೆ, ದೃಢೀಕೃತ ಪ್ರತಿ ಸಿಗುತ್ತದೆ. ಪಹಣಿ, ಮ್ಯುಟೇಶನ್, ಋಣಭಾರ ಪತ್ರ, ಜನನ ದಾಖಲೆ, ಅಂಕಪಟ್ಟಿ, ಇವೆಲ್ಲ ತಿರುಗಾಡಿದರೆ ಸಿಗುವಂಥವು. ಸಿಗದೇ ಹೋಗುವುದು ಮನೆಯಲ್ಲೇ ಕೂತು ಬರೆದ, ನೋಂದಣಿಯಾಗದ ಮೃತ್ಯುಪತ್ರ. ಅಣ್ಣತಮ್ಮಂದಿರು ಪಂಚರೆದುರು ಬರೆದುಕೊಂಡ ವಾಟ್ನಿ ಚೀಟಿ. ಕೈಸಾಲ ತೀರಿಸಿದ್ದಕ್ಕೆ ಬರೆಸಿಕೊಂಡ ಪಾವತಿ. ಇಂದಿರಾ ವಿಕಾಸ ಪತ್ರ ನೆನಪಿದೆಯೆ? 1986ರಲ್ಲಿ ಅಂಚೆ ಕಚೇರಿಯಲ್ಲಿ ಶುರುವಾಯಿತು, ಐದು ವರ್ಷಕ್ಕೆ ದುಡ್ಡು ಎರಡು ಪಟ್ಟು. ಅದರ ಮೇಲೆ ಕೊಂಡವರ ಹೆಸರೇ ಇರಲಿಲ್ಲ, ಯಾರ ಕೈಯಲ್ಲಿದೆಯೋ ಅವರದು. ಕಳೆದುಕೊಂಡವರಿಗೆ ನೋಟು ಕಳೆದುಕೊಂಡಷ್ಟೇ ಗತಿಯೆಂದು ಸುಪ್ರೀಂ ಕೋರ್ಟಿನವರೆಗೂ ತೀರ್ಮಾನವಾಯಿತು. ಕಾಕಾ ಎಲ್ಲಕ್ಕಿಂತ ಜೋಪಾನವಾಗಿ ಇಟ್ಟದ್ದು 1987ರಿಂದೀಚಿನ ಕರೆಂಟ್ ಬಿಲ್ಲುಗಳನ್ನು.

ಜೋಪಾನ ಎಂದರೆ ಮುಚ್ಚಿಡುವುದು ಎಂದು ನಮ್ಮ ಹಿರಿಯರು ತಿಳಿದದ್ದೇ ಇಲ್ಲಿಯ ತೊಡಕು. ಗಂಡನ ಪಿಂಚಣಿ ಯಾವ ಬ್ಯಾಂಕಿಗೆ ಬರುತ್ತದೆಂದು ಗೊತ್ತಿಲ್ಲದ ಹೆಂಗಸರು ನಮ್ಮ ಕಾಲೊನಿಯಲ್ಲೇ ಎಷ್ಟೋ ಇದ್ದರು. ಕೇಳಿದರೆ, “ಅದೆಲ್ಲಾ ಅವರಿಗೇ ಗೊತ್ರಿ” ಎಂಬ ಉತ್ತರ. ಅವರು ಹೋದ ಮೇಲೆ ಗೊತ್ತೂ ಅವರ ಜೊತೆಗೇ ಹೋಯಿತು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತವೆ. ಅದನ್ನು ಹುಡುಕಲೆಂದೇ 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣ ತೆರೆದರು. ವಾರಸುದಾರರು ಕೇಳಿದರೆ ದುಡ್ಡು ವಾಪಸು ಸಿಗುತ್ತದೆ. ಕೇಳಬೇಕೆಂದರೆ ಠೇವಣಿ ಇತ್ತೆಂಬ ಅನುಮಾನವಾದರೂ ಮನೆಯವರಿಗೆ ಇರಬೇಕಲ್ಲ? ನಾಮಿನಿ ಹೆಸರು ಬರೆಸಿದರೆ ಮುಗಿಯಿತು ಎನ್ನುವವರೂ ಇದ್ದಾರೆ. 2025ರ ನವೆಂಬರಿನಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಒಳ್ಳೆಯದೇ. ಆದರೆ ಬ್ಯಾಂಕಿನ ಠೇವಣಿಯಲ್ಲಿ ನಾಮಿನಿ ಎಂದರೆ ದುಡ್ಡು ಕೈಗೆ ತೆಗೆದುಕೊಳ್ಳುವವನು, ಪಾಲು ಇರುವುದು ವಾರಸುದಾರರಿಗೆ. ಇದನ್ನು ಮೊದಲೇ ತಿಳಿಸದೆ ಹೋದ ಮನೆಗಳಲ್ಲಿ ಹದಿಮೂರನೆಯ ದಿನದ ಊಟಕ್ಕೇ ಮಾತು ಬಿಟ್ಟವರಿದ್ದಾರೆ.

ಕಾಕಾನಿಗೂ ಇದನ್ನೆಲ್ಲ ಹೇಳಿದೆವು. ನಿಧಿ ಕಾಯುವ ಸರ್ಪದ ಹಾಗೆ ಟ್ರಂಕಿನ ಮೇಲೆ ಕೂತಿದ್ದವರು ಬಹಳ ಹೊತ್ತು ವಿಚಾರ ಮಾಡಿ ಒಪ್ಪಿದರು. ಮಿಲ್ಲಿನ ಒಳ್ಳೆಯ ದಪ್ಪ ಹಾಳೆ ಆರಿಸಿ, ಅಡ್ಡಗೆರೆ ಹಾಕಿ, ಯಾವ ಕಾಗದ ಯಾವ ಚೀಲದಲ್ಲಿ, ಯಾವ ಬ್ಯಾಂಕಿನಲ್ಲಿ ಏನು, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂದು ಅಕ್ಷರ ದುಂಡಗೆ ಮಾಡಿ ಯಾದಿ ಬರೆದರು. ಇಂಥ ಯಾದಿಯನ್ನು ನಾನು ಯಾವ ಆಫೀಸಿನಲ್ಲೂ ಕಂಡಿಲ್ಲ. ಎಲ್ಲರಿಗೂ ಸಂತೋಷವಾಯಿತು. ವಾರದ ಮೇಲೆ ಸೊಸೆ ಕೇಳಿದಳು, “ಮಾವಾರ, ಯಾದಿ ಎಲ್ಲಿಟ್ಟೀರಿ?”

“ಟ್ರಂಕಿನೊಳಗೈತಿ.”

“ಕೀಲಿ?”

ಕಾಕಾ ಉಡಿದಾರ ಮುಟ್ಟಿಕೊಂಡು ನಕ್ಕರು.

ಓದುವವರಲ್ಲಿ ನನ್ನದೊಂದು ಬಿನ್ನಹ. ಒಂದು ರವಿವಾರ ಕೂತು ಮನೆಯ ಕಾಗದದ ಯಾದಿ ಮಾಡಿರಿ. ಟಾಚಣಿ, ರಬ್ಬರ್ ಬ್ಯಾಂಡ್ ಬಿಚ್ಚಿ, ಮಡಿಕೆ ಬಿಡಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ ಗೋಡೆಯಿಂದ ದೂರ, ನೆಲದಿಂದ ಮೇಲೆ ಇಡಿರಿ. ಮನೆಯ ಇಬ್ಬರನ್ನು ಕರೆದು ತೋರಿಸಿರಿ, ಇಬ್ಬರಲ್ಲಿ ಒಬ್ಬಳು ಹೆಂಗಸಾಗಿರಲಿ. ನಿಮ್ಮೂರಿನ ಗೌಳಿವಾಡೆಯಲ್ಲೋ ಸಿದ್ದಿವಾಡೆಯಲ್ಲೋ ವಯಸ್ಸಾದವರಿದ್ದರೆ ಅವರು ಹೇಳುವುದನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ, ಯಾರದೋ ಹೊಲಕ್ಕೆ ಅದೇ ಪುರಾವೆಯಾದೀತು. ಯಾದಿಯನ್ನು ಮಾತ್ರ ಟ್ರಂಕಿನೊಳಗೆ ಇಡಬೇಡಿರಿ.